ಬೇಡ ಎನ್ನುವವರು ಯಾರು, ಏಕೆ?

"ಕಾಂಡೋಮ್ ಎಂದರೆ ಗಂಡಸರು ಮುಖ ಸಿಂಡರಿಸುತ್ತಾರೆ, ಹೆಂಗಸರು ಬೇಕೆನ್ನುತ್ತಾರೆ ಎಂದು ಬರೆದಿದ್ದೀರಿ. ನಮ್ಮಲ್ಲಿ ತಿರುಗುಮುರುಗು. ಯಜಮಾನರು ಬೇಕೆನ್ನುತ್ತಾರೆ, ಉರಿ ತಾಳಲಾರದೆ ಬೇಡ ಎನ್ನುವವಳು ನಾನು" ಎಂದು ಓದುಗರೊಬ್ಬರು ಬರೆದಿದ್ದಾರೆ.

ನಿಮ್ಮ ಆಕ್ಷೇಪ ಸರಿ, ನಮ್ಮ ವಾಕ್ಯ ಅವಸರದ್ದು. ಬೇಡ ಎನ್ನುವವರು ಎರಡೂ ಕಡೆ ಇದ್ದಾರೆ, ಕಾರಣಗಳು ಬೇರೆ. ಗಂಡಸರು ಬಾಯಿಬಿಟ್ಟು ಹೇಳುವುದು ಸುಖ ಕಮ್ಮಿ ಎಂದು. ನುಂಗಿಕೊಳ್ಳುವುದು, ಹಾಕುವಷ್ಟರಲ್ಲಿ ನಿಮಿರುವಿಕೆ ಇಳಿದೀತು ಎಂಬ ಅಂಜಿಕೆಯನ್ನು. ಬಸಿರಿನ ಭಾರ ಹೊರಬೇಕಾದ ಹೆಂಗಸರಲ್ಲಿ ಬೇಕೆನ್ನುವವರು ಬಹಳ. ಆದರೆ ಕೇಳಿದರೆ "ನನ್ನ ಮೇಲೆ ನಂಬಿಕೆ ಇಲ್ಲವೇ" ಎಂಬ ಮಾತು ಬಂದೀತೆಂದು ಸುಮ್ಮನಾಗುತ್ತಾರೆ. ಉರಿಯ ಮಾತಂತೂ ಇನ್ನೂ ಹಿಂದೆ ಉಳಿಯುತ್ತದೆ.

ಉರಿ ಯಾವ ಬಗೆಯದು ನೋಡಿ. ಉಜ್ಜಿದಂತೆ, ಒಣಗಿದಂತೆ ಇದ್ದರೆ ಜಾರುವಿಕೆ ಸಾಲದು. ಪೊಟ್ಟಣದೊಳಗಿನ ಜಿಡ್ಡು ಅನೇಕರಿಗೆ ಸಾಕಾಗುವುದಿಲ್ಲ. ನೀರು ಅಥವಾ ಸಿಲಿಕೋನ್ ಆಧಾರದ ಜೆಲ್ಲನ್ನು ಕಾಂಡೋಮಿನ ಹೊರಗೂ ಯೋನಿಯ ಬಾಯಿಗೂ ಹಚ್ಚಿ, ಒಣಗಿದರೆ ಮತ್ತೆ ಹಚ್ಚಿ. ಅಡುಗೆ ಎಣ್ಣೆ, ಪೆಟ್ರೋಲಿಯಂ ಜೆಲ್ಲಿ, ಬೇಬಿ ಆಯಿಲ್ ಬೇಡ. ಎಣ್ಣೆ ತಾಗಿದರೆ ಲ್ಯಾಟೆಕ್ಸ್, ಅಂದರೆ ಸಾಮಾನ್ಯ ಕಾಂಡೋಮಿನ ರಬ್ಬರು, ಕೆಲವೇ ನಿಮಿಷಗಳಲ್ಲಿ ಬಲ ಕಳೆದುಕೊಂಡು ಹರಿಯಬಹುದು. ಪೊಟ್ಟಣದ ಮೇಲೆ ನಾನಾಕ್ಸಿನಾಲ್-9 ಎಂದಿದ್ದರೆ ಬದಲಿಸಿ. ವೀರ್ಯಾಣುಗಳನ್ನು ಕೊಲ್ಲಲೆಂದು ಸೇರಿಸುವ ಆ ರಾಸಾಯನಿಕ ಯೋನಿಯ ಒಳಪದರವನ್ನೇ ಕೆರಳಿಸುತ್ತದೆ. ಪ್ರತಿ ಸಲವೂ ತುರಿಕೆ, ಊತ ಬರುತ್ತಿದ್ದರೆ ಲ್ಯಾಟೆಕ್ಸ್ ಅಲರ್ಜಿ ಇರಬಹುದು. ಆ ರಬ್ಬರಿನ ಬದಲು ಪಾಲಿಯುರಿಥೇನ್ ಅಥವಾ ಪಾಲಿಐಸೊಪ್ರೀನ್ ಎಂಬ ಕೃತಕ ವಸ್ತುವಿನದನ್ನು ಕೊಳ್ಳಿ. ವಾಸನೆಯ ಬಿಳುಪು, ಮೂತ್ರಕ್ಕೆ ಹೋದಾಗಲೂ ಉರಿ ಇದ್ದರೆ ಕಾಂಡೋಮನ್ನು ದೂರಬೇಡಿ, ವೈದ್ಯರಿಗೆ ತೋರಿಸಿ.

ನಿಮ್ಮ ಯಜಮಾನರಿಗೂ ಒಂದು ಮಾತು. ಸಾಮಾನ್ಯ ಕಾಂಡೋಮನ್ನು ಚಪ್ಪಟೆಯಾಗಿ ಇಟ್ಟರೆ ಅಗಲ 52–53 ಮಿಲಿಮೀಟರ್. ಬಿಗಿಯಾದರೆ ಸ್ಪರ್ಶ ಮಂಕಾಗುತ್ತದೆ, ಸಡಿಲವಾದರೆ ಜಾರುತ್ತದೆ. "ಸುಖವಿಲ್ಲ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಅಳತೆಯೇ. ತುದಿಯ ಪುಟ್ಟ ಚೀಲವನ್ನು ಎರಡು ಬೆರಳಲ್ಲಿ ಹಿಚುಕಿ ಗಾಳಿ ತೆಗೆದು, ಸುರುಳಿ ಹೊರಮೈಗಿರುವಂತೆ ಹಿಡಿದು ಬುಡದವರೆಗೆ ಬಿಚ್ಚಬೇಕು. ತಲೆಕೆಳಗಾಗಿ ಇಟ್ಟದ್ದು ಗೊತ್ತಾದರೆ ತಿರುಗಿಸಿ ಹಾಕದೆ ಹೊಸದನ್ನು ತೆಗೆಯಲಿ, ಸ್ಖಲನಕ್ಕೆ ಮುಂಚೆ ಒಸರುವ ದ್ರವ ಆಗಲೇ ಅಂಟಿರಬಹುದು. ಸ್ಖಲನವಾದ ಮೇಲೆ ನಿಮಿರುವಿಕೆ ಇಳಿಯುವ ಮುಂಚೆ ಬುಡ ಹಿಡಿದು ಹೊರತೆಗೆಯಬೇಕು.

ಹೆಂಗಸರ ಕಾಂಡೋಮನ್ನೂ ಯೋಚಿಸಿ. ಎಂಟು ಗಂಟೆ ಮುಂಚೆಯೇ ಯೋನಿಯೊಳಗೆ ಇಟ್ಟುಕೊಳ್ಳಬಹುದು, ನಡುವೆ ನಿಲ್ಲಿಸುವ ರಗಳೆಯಿಲ್ಲ. ನೈಟ್ರೈಲ್ ಎಂಬ ಕೃತಕ ರಬ್ಬರಿನದಾದರೆ ಲ್ಯಾಟೆಕ್ಸ್ ಒಗ್ಗದವರಿಗೂ ಸರಿ. ಆದರೆ ರೂಢಿಯ ಬಳಕೆಯಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು 21 ಮಂದಿ ಬಸಿರಾಗುತ್ತಾರೆ, ಗಂಡಸರ ಕಾಂಡೋಮಿನಲ್ಲಿ 13. ಎರಡನ್ನೂ ಒಟ್ಟಿಗೆ ಹಾಕಬೇಡಿ, ತಿಕ್ಕಾಟದಲ್ಲಿ ಹರಿಯುತ್ತವೆ.

— ಸಂ.