ಅಪ್ಪನಿಗೆ ಶ್ವಾಸಕೋಶದ ಕ್ಷಯ, ನನ್ನ ರಟ್ಟೆಯ ಮೇಲೆ ಕ್ಷಯದ ಲಸಿಕೆಯಾದ ಬಿಸಿಜಿಯ ಕಲೆ ಇದೆ. ಇನ್ನೊಮ್ಮೆ ಬಿಸಿಜಿ ಹಾಕಿಸಿಕೊಂಡರೆ ಸಾಕೇ?

ನಿಮ್ಮಂತೆಯೇ ಆ ಕಲೆ ನನ್ನ ಎಡ ರಟ್ಟೆಯ ಮೇಲೂ ಇದೆ. ಅಣ್ಣನ ಕಫ ಪರೀಕ್ಷೆಯಲ್ಲಿ ಕ್ಷಯ ಖಚಿತವಾದ ವಾರದಲ್ಲಿ, ಮನೆಮಂದಿಯೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಹೇಳಲು ಬಂದ ಆಶಾ ಕಾರ್ಯಕರ್ತೆಗೆ ಅದನ್ನೇ ತೋರಿಸಿ, ನನಗೇನೂ ಆಗುವುದಿಲ್ಲವೆಂದು ಹಿಂದಕ್ಕೆ ಕಳುಹಿಸಿದೆ.

ಆಗ ನಾನು ಬ್ಯಾಡಗಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಅಲ್ಲಿ ಕೆಮ್ಮದವರೇ ಇಲ್ಲ. ಹಾಗಾಗಿ ನನ್ನ ಕೆಮ್ಮನ್ನು ಘಾಟಿನ ಲೆಕ್ಕಕ್ಕೆ, ಸಂಜೆಯ ಸಣ್ಣ ಜ್ವರವನ್ನು ದಣಿವಿನ ಲೆಕ್ಕಕ್ಕೆ ಹಾಕಿ ಎರಡು ತಿಂಗಳು ಕಳೆದೆ. ಹುಬ್ಬಳ್ಳಿಯಲ್ಲಿ ಎಕ್ಸ್‌ರೇ ತೆಗೆಸುವ ಹೊತ್ತಿಗೆ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಪೊಳ್ಳು ಬಿದ್ದಿತ್ತು. ಆರು ತಿಂಗಳ ಮಾತ್ರೆಯಿಂದ ರೋಗ ವಾಸಿಯಾಯಿತು, ಆದರೆ ಮೆಟ್ಟಿಲು ಹತ್ತಿದರೆ ಇಂದಿಗೂ ಏದುಸಿರು ಬರುತ್ತದೆ.

ನನ್ನ ತಪ್ಪು ಎಲ್ಲಿತ್ತೆಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯೂ ಅಲ್ಲಿಯೇ ನಿಂತಿದೆ. ರಟ್ಟೆಯ ಕಲೆಯನ್ನು ನಾನು ಎದೆಯೊಳಗಿನ ಕಾವಲು ಎಂದುಕೊಂಡಿದ್ದೆ. ಚರ್ಮದಲ್ಲಿ ಕೊಟ್ಟ ಬಿಸಿಜಿ ತಯಾರು ಮಾಡುವ ಟಿ ಕೋಶಗಳು, ಅಂದರೆ ರೋಗಾಣುವಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು, ಹೆಚ್ಚಾಗಿ ರಕ್ತದಲ್ಲಿ ಸುತ್ತುತ್ತವೆ, ದುಗ್ಧಗ್ರಂಥಿಗಳಲ್ಲಿ ಇರುತ್ತವೆ. ಶ್ವಾಸಕೋಶದಲ್ಲಿಯೇ ನೆಲೆನಿಲ್ಲುವವು ಕಡಿಮೆ. ಉಸಿರಿನೊಂದಿಗೆ ಒಳಹೋದ ಕ್ಷಯಾಣುವನ್ನು ಮೊದಲು ನುಂಗುವುದು ಗಾಳಿಚೀಲಗಳ ಭಕ್ಷಕ ಕೋಶ, ಆದರೆ ಅದು ಆ ಕೋಶದೊಳಗೇ ಬದುಕಿ ಹೆಚ್ಚುತ್ತದೆ. ಇಲಿಗಳಲ್ಲಿ ನೋಡಿದಂತೆ, ಟಿ ಕೋಶಗಳು ಅಲ್ಲಿಗೆ ತಲುಪಲು ಸುಮಾರು ಎರಡು ವಾರ ಹಿಡಿಯುತ್ತದೆ; ಅಷ್ಟರಲ್ಲಿ ಕ್ಷಯಾಣು ಬೇರೂರಿರುತ್ತದೆ. 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದೇ ಬಿಸಿಜಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಹತ್ತು ರೀಸಸ್ ಕೋತಿಗಳ ರಕ್ತನಾಳಕ್ಕೆ ಕೊಟ್ಟಾಗ ಅವುಗಳ ಶ್ವಾಸಕೋಶದಲ್ಲಿ ಟಿ ಕೋಶಗಳು ತುಂಬಿಕೊಂಡವು, ಒಂಬತ್ತಕ್ಕೆ ರಕ್ಷಣೆ ಸಿಕ್ಕಿತು. ಮನುಷ್ಯರಿಗೆ ಹೀಗೆ ಕೊಡುವ ಪದ್ಧತಿ ಇಲ್ಲ. ಆದರೂ ಕಾವಲು ಎಲ್ಲಿರಬೇಕೆಂಬುದು ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ.

ಹಾಗೆಂದು ಬಿಸಿಜಿ ವ್ಯರ್ಥವೆಂದು ದಯವಿಟ್ಟು ತಿಳಿಯಬೇಡಿ. ಹಸುಗೂಸುಗಳಿಗೆ ಮಿದುಳುಪೊರೆಯ ಕ್ಷಯ ಬಾರದಂತೆ ಅದು ಕಾಯುತ್ತದೆ, ಅಷ್ಟಕ್ಕೇ ಪ್ರತಿ ಮಗುವಿಗೂ ಹಾಕಿಸಬೇಕು. ದೊಡ್ಡವರ ಶ್ವಾಸಕೋಶದ ಮಾತೇ ಬೇರೆ: 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ ಆರಂಭವಾದ ಬಹುದೊಡ್ಡ ಪರೀಕ್ಷೆಯಲ್ಲಿ ವಯಸ್ಕರಿಗೆ ಅದರಿಂದ ರಕ್ಷಣೆ ಕಾಣಲಿಲ್ಲ.

ನೀವು ಕೇಳಬೇಕಾದದ್ದು ಲಸಿಕೆಯ ಪ್ರಶ್ನೆಯನ್ನೇ ಅಲ್ಲ ಎಂದು ನನ್ನ ಖಚಿತ ಅಭಿಪ್ರಾಯ. ಅಪ್ಪಾಜಿಯವರ ಚಿಕಿತ್ಸಾ ಚೀಟಿ ಹಿಡಿದು ನಾಳೆಯೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮನೆಯವರೆಲ್ಲರೂ ಹೋಗಿ. ಕೆಮ್ಮಿದ್ದವರು ಕಫ ಪರೀಕ್ಷೆ ಮಾಡಿಸಲಿ, ರೋಗವಿಲ್ಲವೆಂದು ಖಚಿತವಾದವರು ತಡೆ ಚಿಕಿತ್ಸೆಯ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಲಿ. ಐದು ವರ್ಷದೊಳಗಿನ ಮಕ್ಕಳಿದ್ದರೆ ಅವರನ್ನು ಎಲ್ಲರಿಗಿಂತ ಮೊದಲು ತೋರಿಸಿ. ನನಗೆ ಕ್ಷಯವೆಂದು ತಿಳಿದಾಗ ನನ್ನ ಮಗಳಿಗೆ ಮೂರು ವರ್ಷ. ನಾನು ಹಿಂದಕ್ಕೆ ಕಳುಹಿಸಿದ್ದ ಆ ಆಶಾ ಅವರೇ ಮತ್ತೆ ಬಂದು, ಮಗಳಿಗೆ ಆರು ತಿಂಗಳು ಕ್ಷಯ ತಡೆಯುವ ಐಸೋನಿಯಾಜಿಡ್ ಮಾತ್ರೆ ತಪ್ಪದಂತೆ ನೋಡಿಕೊಂಡರು. ಅವಳಿಗೆ ರೋಗ ಬರಲಿಲ್ಲ.