ಒಂದೊಂದು ನ್ಯೂರಾನ್‌ಗೆ (ಮಿದುಳಿನ ನರಕೋಶಕ್ಕೆ) ಬರೀ ಗೆರೆ ಕಂಡರೆ, ಇಡೀ ಆಕಾರವನ್ನು ನೋಡೋದು ಯಾರು?

ಗೆರೆಯ ವಿಷಯ ನೀವು ಓದಿದ್ದು ಸರಿಯೇ. ಆದರೆ ಅದು ವಿ1 ಎನ್ನುವ ಮೊದಲ ಹಂತದ ಮಾತು. ಮಿದುಳಿನ ಹೊರಪದರದಲ್ಲಿ ಕಣ್ಣಿನ ಸುದ್ದಿ ಮೊದಲು ಬಂದು ತಲುಪುವುದು ಹಿಂಭಾಗದಲ್ಲಿರುವ ಈ ಜಾಗಕ್ಕೆ.

ಒಂದು ಕಾಗದದಲ್ಲಿ ಪೆನ್ಸಿಲ್ ತುದಿಯಷ್ಟು ತೂತು ಮಾಡಿ, ಯಾವುದಾದರೂ ಚಿತ್ರದ ಮೇಲಿಟ್ಟು ನೋಡಿ. ಚಿತ್ರದ ಅಂಚು ತೂತಿನೊಳಗೆ ಸಿಕ್ಕರೆ ಕಾಣುವುದು ಒಂದು ಓರೆ ಗೆರೆ. ಈಚೆ ಕಪ್ಪು, ಆಚೆ ಬಿಳಿ. ಅದು ಆನೆಯ ಸೊಂಡಿಲೋ ಮಡಕೆಯ ಹೊಟ್ಟೆಯೋ, ಹೇಳೋಕಾಗಲ್ಲ. ವಿ1 ನ್ಯೂರಾನ್‌ನ ಪಾಡೂ ಅದೇ.

ಇದನ್ನು ಕಂಡುಹಿಡಿದವರು ನರವಿಜ್ಞಾನಿಗಳಾದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್. 1958ರಲ್ಲಿ ಬೆಕ್ಕಿನ ಕಣ್ಣಿಗೆ ಚುಕ್ಕೆಗಳನ್ನು ತೋರಿಸಿ ತೋರಿಸಿ ಸುಸ್ತಾಗಿದ್ದರು, ನ್ಯೂರಾನ್ ಜಪ್ಪಯ್ಯ ಅನ್ನಲಿಲ್ಲ. ಗಾಜಿನ ಸ್ಲೈಡ್ ತೂರಿಸುವಾಗ ಅದರ ಅಂಚಿನ ನೆರಳು ಹಾದುಹೋಯಿತು ನೋಡಿ, ನ್ಯೂರಾನ್ ಪಟಪಟ ಸದ್ದು ಮಾಡತೊಡಗಿತು! ಅದಕ್ಕೆ ಬೇಕಿದ್ದದ್ದು ಗೆರೆ, ಅದೂ ಒಂದು ನಿರ್ದಿಷ್ಟ ಓರೆಯ ಗೆರೆ. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಗೆರೆ ಸೇರಿ ಮೂಲೆ, ಮೂಲೆ ಸೇರಿ ಚೌಕ, ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟ ಹಾಗೆ ಅಂತ ನಾನೂ ತುಂಬಾ ದಿನ ಅಂದುಕೊಂಡಿದ್ದೆ. ಆ ನಂಬಿಕೆ ಸಡಿಲವಾದದ್ದು ವಿ1ರ ನಂತರದ ಹಂತವಾದ ವಿ2 ಬಗ್ಗೆ ಓದಿದಾಗ. 2000ದಲ್ಲಿ ಫಾನ್ ಡರ್ ಹೈಟ್ ಅವರ ತಂಡ ಮಂಗಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿತು. ನ್ಯೂರಾನ್‌ನ ತೂತಿನೊಳಗೆ, ಅಂದರೆ ಅದಕ್ಕೆ ಕಾಣುವ ಪುಟ್ಟ ಜಾಗದೊಳಗೆ, ಎರಡು ಸಲವೂ ಒಂದೇ ಅಂಚು. ಆದರೆ ಒಮ್ಮೆ ಅದು ಎಡಗಡೆಯ ಚೌಕದ ಬಲ ಅಂಚು, ಇನ್ನೊಮ್ಮೆ ಬಲಗಡೆಯ ಚೌಕದ ಎಡ ಅಂಚು. ತೂತಿನೊಳಗೆ ಏನೂ ಬದಲಾಗಿಲ್ಲ, ಅಲ್ವಾ? ಆದರೂ ಅನೇಕ ನ್ಯೂರಾನ್‌ಗಳು ಒಂದಕ್ಕೆ ಜೋರಾಗಿ, ಇನ್ನೊಂದಕ್ಕೆ ಮೆಲ್ಲಗೆ ಪ್ರತಿಕ್ರಿಯಿಸಿದವು. ಅಂದರೆ ಈ ಅಂಚು ಯಾರ ಸ್ವತ್ತು ಅನ್ನುವ ಸುದ್ದಿ ತೂತಿನ ಆಚೆಯಿಂದ ಬಂದು ಸೇರುತ್ತಿತ್ತು. ಹೂಜಿಯೋ ಎರಡು ಮುಖವೋ ಎಂದು ಗೊಂದಲ ಹುಟ್ಟಿಸುವ ಚಿತ್ರ ನೋಡಿರುತ್ತೀರಿ. ಅಲ್ಲೂ ಗೆರೆ ಅಲುಗಾಡುವುದಿಲ್ಲ, ಅದರ ಮಾಲೀಕ ಬದಲಾಗುತ್ತಾನೆ.

ನನಗೆ ತುಂಬಾ ಇಷ್ಟವಾದದ್ದು ಮಾತ್ರ ಇನ್ನೂ ಮುಂದಿನ ಹಂತವಾದ ವಿ4. ವಿಜ್ಞಾನಿಗಳಾದ ಅನಿತಾ ಪಶುಪತಿ ಮತ್ತು ಚಾರ್ಲ್ಸ್ ಕಾನರ್ ಇಲ್ಲಿನ ನ್ಯೂರಾನ್‌ಗಳಿಗೆ ನೂರಾರು ಆಕಾರ ತೋರಿಸಿದರು. ಒಂದು ನ್ಯೂರಾನ್‌ಗೆ ಆಕಾರದ ಬಲ ಮೇಲ್ಗಡೆ ಚೂಪಾದ ಉಬ್ಬು ಇರಬೇಕು, ಉಳಿದ ಭಾಗ ಹೇಗಿದ್ದರೂ ಹೆಚ್ಚುಕಡಿಮೆ ನಡೆಯುತ್ತೆ. ಇನ್ನೊಂದಕ್ಕೆ ಕೆಳಗೆ ಒಳಬಾಗು ಬೇಕು. ‘ಮೇಲೆ’ ‘ಕೆಳಗೆ’ ಅನ್ನೋದು ಆ ಆಕಾರದ ನಡುಭಾಗದಿಂದ ಎಣಿಸಿದ ದಿಕ್ಕು. ಹೀಗಾಗಿ ನೀರಿನ ಹನಿಯ ಚಿತ್ರ ಬಂದರೆ, ‘ಮೇಲೆ ಚೂಪು’ ಗುಂಪು ಒಂದು ಕಡೆ, ‘ಕೆಳಗೆ ಅಗಲ ದುಂಡು’ ಗುಂಪು ಇನ್ನೊಂದು ಕಡೆ ಒಟ್ಟಿಗೇ ಎದ್ದು ಕೂರುತ್ತವೆ. ಹೀಗೆ ಹಲವು ನ್ಯೂರಾನ್‌ಗಳ ದಾಖಲೆಯನ್ನು ಸೇರಿಸಿ, ತೋರಿಸಿದ ಆಕಾರವನ್ನು ಸುಮಾರಾಗಿ ಮತ್ತೆ ಬಿಡಿಸಿಯೂ ತೋರಿಸಿದ್ದಾರೆ.

ಮುಂದಿನ ಹಂತ ಸುಮಾರು ಕಿವಿಯ ಮಟ್ಟದಲ್ಲಿ, ಮಿದುಳಿನ ಪಕ್ಕದ ಕೆಳಭಾಗದಲ್ಲಿ ಇದೆ. ಅಲ್ಲಿ ಮುಖಕ್ಕೆ ಜಾಸ್ತಿ ಸ್ಪಂದಿಸುವ ನ್ಯೂರಾನ್‌ಗಳೂ ಇವೆ. ಆದರೆ ಅಲ್ಲೂ ಇಡೀ ಆಕಾರವನ್ನು ನೋಡುವ ಯಜಮಾನ ಅಂತ ಒಂದೇ ನ್ಯೂರಾನ್ ಇಲ್ಲ. ಅಲ್ಲೂ ಗುಂಪಿನದೇ ಕೆಲಸ.