ನೋವಿಲ್ಲದ ಗಾಯವನ್ನೇ ಮೊದಲು ತೋರಿಸಿ

ನಿಮ್ಮ ತಂದೆಯವರಿಗೆ 12 ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಹೆಬ್ಬೆರಳ ಬುಡದಲ್ಲಿ ಅಂಗಾಲಿಗೆ ಗಾಯವಾಗಿ ಮೂರು ವಾರವಾಯಿತು, ನೋವಿಲ್ಲವಾದ್ದರಿಂದ ದಿನವೂ ತೋಟಕ್ಕೆ ಹೋಗುತ್ತಿದ್ದಾರೆ, ಯಾವ ಮುಲಾಮು ಹಚ್ಚಲಿ ಎಂದು ಕೇಳಿದ್ದೀರಿ. ಮುಲಾಮಿನ ಮಾತು ಬಿಡಿ. ಗಾಯವಿದ್ದೂ ನೋಯುತ್ತಿಲ್ಲವೆಂದರೆ ಪಾದದ ನರಗಳು ಮರಗಟ್ಟಿವೆ ಎಂದರ್ಥ. ನಾಳೆಯೇ ಆಸ್ಪತ್ರೆಗೆ ಕರೆದೊಯ್ಯಿರಿ.

ತಾಲ್ಲೂಕು ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ನರ್ಸ್ ಆಗಿದ್ದಾಗ ಇಂಥ ಪಾದಗಳನ್ನು ಬಹಳ ನೋಡಿದ್ದೇನೆ. ಮೇಲೆ ಆಣಿಯಂತೆ ಗಟ್ಟಿ ಚರ್ಮ, ನಡುವೆ ಒಂದು ಕಪ್ಪು ಚುಕ್ಕೆ, ಅಷ್ಟೇ. ವೈದ್ಯರು ಆ ಚರ್ಮ ತೆಗೆದರೆ ಒಳಗೆ ಎಲುಬಿನವರೆಗೂ ಕೀವು. ಹೊರಗಿನ ಅಳತೆಯನ್ನು ನಂಬಬೇಡಿ. ಗಾಯದ ಸುತ್ತ ಕೆಂಪು ಹರಡುವುದು, ಪಾದ ಊದಿ ಬಿಸಿಯಾಗುವುದು, ದುರ್ವಾಸನೆ, ಬೆರಳು ಕಪ್ಪಾಗುವುದು, ಚಳಿಜ್ವರ, ಸಕ್ಕರೆ ಏಕಾಏಕಿ ಏರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬಾರದು. ಗಾಯವೇ ಇಲ್ಲದೆ ಒಂದೇ ಪಾದ ಬಿಸಿಯಾಗಿ ಊದಿದರೂ ತೋರಿಸಬೇಕು. ಒಳಗೆ ಎಲುಬು ಸವೆದು ಮುರಿಯುತ್ತಿರಬಹುದು.

ಆಸ್ಪತ್ರೆ ಸೇರುವವರೆಗೆ ಗಾಯವನ್ನು ಶುದ್ಧ ನೀರಿನಲ್ಲಿ ತೊಳೆದು, ಒಣಗಿದ ಶುಭ್ರ ಗಾಜ್ ಬಟ್ಟೆ ಸುತ್ತಿ. ಅರಿಸಿನ, ಸುಣ್ಣ, ಹೊಗೆಸೊಪ್ಪು ಬೇಡ. ಬಿಸಿನೀರಿನಲ್ಲಿ ಕಾಲು ಇಡುವುದಂತೂ ಬೇಡವೇ ಬೇಡ. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ಜಿಲ್ಲಾ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಹೋಗಿ, ಆಯುಷ್ಮಾನ್ ಕಾರ್ಡ್ ಜೊತೆಗಿರಲಿ. ಬೆಂಗಳೂರು ಹತ್ತಿರವಾದರೆ ಸರ್ಕಾರದ್ದೇ ಆದ ಮಧುಮೇಹ ಸಂಸ್ಥೆಯಲ್ಲಿ ಪಾದಗಳಿಗೆಂದೇ ವಿಭಾಗವಿದೆ. ಪಾದದ ನಾಡಿ ನೋಡಿದರೇ, ಎಕ್ಸ್-ರೇ ಆಯಿತೇ ಎಂದು ಸಂಕೋಚವಿಲ್ಲದೆ ಕೇಳಿ. ಬೆರಳು ತೆಗೆಯಬೇಕು ಎಂದರೆ ರಕ್ತನಾಳದ ಪರೀಕ್ಷೆ ಆಗಿದೆಯೇ ಎಂದೂ ಕೇಳಿ. ರಕ್ತವೇ ಹರಿಯದ ಕಡೆ ಕತ್ತರಿಸಿದ ಗಾಯ ಮಾಯುವುದಿಲ್ಲ. ಆದರೆ ಸೋಂಕು ಏರಿ ಜೀವಕ್ಕೇ ಅಪಾಯವಿದ್ದರೆ ಆ ಪರೀಕ್ಷೆಗೆಂದು ತಡಮಾಡಬಾರದು.

ಇಲ್ಲಿ ಇನ್ನೊಬ್ಬರು ತಮ್ಮ ತಾಯಿಯ ಹುಣ್ಣಿನ ಬಗ್ಗೆ ಬರೆದಿದ್ದಾರೆ: ಕಣಕಾಲಿನ ಒಳಬದಿ, ಸುತ್ತ ಕಂದುಗಟ್ಟಿದ ಚರ್ಮ, ಉಬ್ಬಿದ ರಕ್ತನಾಳಗಳು. ಅದು ಬಹುಶಃ ವೆರಿಕೋಸ್ ಹುಣ್ಣು, ಅಂದರೆ ಕಾಲಿನ ರಕ್ತನಾಳ ಉಬ್ಬಿ ರಕ್ತ ಅಲ್ಲೇ ನಿಲ್ಲುವುದರಿಂದ ಆಗುವ ಹುಣ್ಣು. ಅದಕ್ಕೆ ಬಿಗಿ ಪಟ್ಟಿಯೇ ಮುಖ್ಯ ಚಿಕಿತ್ಸೆ, ಆದರೆ ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿದೆಯೇ ಎಂದು ನೋಡಿದ ಮೇಲಷ್ಟೇ. ಅಂಗಡಿಯಿಂದ ತಂದು ನೀವೇ ಸುತ್ತಬೇಡಿ.

ಮತ್ತೆ ನಿಮ್ಮ ತಂದೆಯವರ ಪಾದಕ್ಕೆ ಬರೋಣ. ಜನ ಹೆಚ್ಚು ಕಡೆಗಣಿಸುವುದು ವಿಶ್ರಾಂತಿಯನ್ನು. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಪಾದ ನೋಡುತ್ತಿದ್ದ ಡಾ. ಪಾಲ್ ಬ್ರಾಂಡ್ ಕಂಡುಕೊಂಡದ್ದೂ ಇದನ್ನೇ: ಸ್ಪರ್ಶವಿಲ್ಲದ ಪಾದದ ಮೇಲಿನ ಭಾರ ತಪ್ಪಿಸಿದರೆ ಹುಣ್ಣು ಮಾಯುತ್ತದೆ. ಎಷ್ಟೇ ದುಬಾರಿ ಔಷಧಿ ಹಾಕಿದರೂ ಅದೇ ಗಾಯದ ಮೇಲೆ ನಡೆದರೆ ವ್ಯರ್ಥ. ವೈದ್ಯರು ಪ್ಲಾಸ್ಟರ್ ಬೂಟು ಹಾಕಬಹುದು, ಮಾಯ್ದ ಮೇಲೆ ಮೆತ್ತನೆಯ ರಬ್ಬರ್ ತಳದ ಎಂ.ಸಿ.ಆರ್. ಚಪ್ಪಲಿ ಬರೆದುಕೊಡಬಹುದು. ನಿಮ್ಮ ತಂದೆ ತೋಟಕ್ಕೆ ಹಾಕುವ ಗಂಬೂಟನ್ನೂ ಆಸ್ಪತ್ರೆಗೆ ಒಯ್ದು ತೋರಿಸಿ, ಎಲ್ಲಿ ಒತ್ತುತ್ತಿದೆ ಎಂದು ತಿಳಿಯುತ್ತದೆ. ಈ ಸಲದ ಅಡಿಕೆ ಕೊಯ್ಲಿನ ಉಸ್ತುವಾರಿಯನ್ನು ನೀವೇ ವಹಿಸಿಕೊಳ್ಳಿ. ತೋಟ ನೋಡಿಕೊಳ್ಳುವವರಿಲ್ಲ ಎನ್ನುವ ಚಿಂತೆ ಇದ್ದರೆ ಅವರು ಮಂಚದ ಮೇಲೆ ಕೂರುವುದಿಲ್ಲ.